ನಗಿಸುವವನಿಗೆ ಅಂಜುವವರು: ಸ್ಟೀಫನ್ ಕೋಲ್ಬೇರ್ ಬದುಕು ಹೇಳುವುದೇನು?

2025ರ ಜುಲೈ 17, ಗುರುವಾರ. ನ್ಯೂಯಾರ್ಕಿನ ಎಡ್ ಸಲಿವನ್ ಥಿಯೇಟರಿನಲ್ಲಿ ಎಂದಿನಂತೆ ನಗಲು ಬಂದು ಕುಳಿತಿದ್ದ ಪ್ರೇಕ್ಷಕರಿಗೆ 'ದಿ ಲೇಟ್ ಶೋ' ಕಾರ್ಯಕ್ರಮದ ನಿರೂಪಕ ಸ್ಟೀಫನ್ ಕೋಲ್ಬೇರ್ ಒಂದು ಸುದ್ದಿ ಹೇಳಿದರು. ಅವರಿಗೂ ಅದು ತಿಳಿದದ್ದು ಹಿಂದಿನ ರಾತ್ರಿಯಷ್ಟೆ. 2026ರ ಮೇ ತಿಂಗಳಿಗೆ ಕಾರ್ಯಕ್ರಮವನ್ನು ಮುಗಿಸಲು ಸಿಬಿಎಸ್ ವಾಹಿನಿ ತೀರ್ಮಾನಿಸಿತ್ತು. ನಿರೂಪಕನನ್ನು ಬದಲಾಯಿಸುವ ವಿಚಾರ ಅದಾಗಿರಲಿಲ್ಲ. 1993ರಿಂದ ನಡೆದುಬಂದ ಕಾರ್ಯಕ್ರಮವೇ ಇಲ್ಲವಾಗಲಿತ್ತು. ಪ್ರೇಕ್ಷಕರು ಕೂಗಿ ಪ್ರತಿಭಟಿಸಿದರು. ಕೋಲ್ಬೇರ್ ತಮಗೂ ಹಾಗೆಯೇ ಅನಿಸುತ್ತಿದೆ ಎಂದರು, ವಾಹಿನಿಗೆ ಕೃತಜ್ಞತೆ ಹೇಳಿದರು, ತಮ್ಮೊಂದಿಗೆ ದುಡಿಯುವ ಇನ್ನೂರು ಮಂದಿಯನ್ನು ನೆನೆದರು, ನಂತರ ಅಂದಿನ ಹಾಸ್ಯವನ್ನು ಆರಂಭಿಸಿದರು.

ದೂರದ ಅಮೆರಿಕದ ಒಂದು ಟಿವಿ ಕಾರ್ಯಕ್ರಮ ನಿಂತರೆ ನಮಗೇನು ಎಂದು ಓದುಗರು ಕೇಳಬಹುದು. ಎರಡು ಕಾರಣಗಳಿಗಾಗಿ ಈ ಸುದ್ದಿ ನಮ್ಮ ಗಮನಕ್ಕೆ ಅರ್ಹವಾಗಿದೆ. ಅಧಿಕಾರದಲ್ಲಿರುವವರನ್ನು ಕಂಡು ನಗುವ ಹಕ್ಕು ಎಷ್ಟು ಗಟ್ಟಿಯಾದದ್ದು ಎಂಬ ಪ್ರಶ್ನೆಯನ್ನು ಅದು ಎತ್ತಿದೆ. ಮೇಲಾಗಿ ಕೋಲ್ಬೇರ್ ತಮ್ಮ ಕಥೋಲಿಕ ವಿಶ್ವಾಸವನ್ನು ಬಚ್ಚಿಡದೆ ಬಾಳಿದ ವ್ಯಕ್ತಿ. ಅವರ ಸಾರ್ವಜನಿಕ ಬದುಕಿನ ನಗು ಅವರ ಖಾಸಗಿ ಬದುಕಿನ ಒಂದು ದೊಡ್ಡ ದುಃಖದ ಜೊತೆ ಹೆಣೆದುಕೊಂಡಿದೆ.

ಹತ್ತನೆಯ ವಯಸ್ಸಿನ ಆಘಾತ

ಸ್ಟೀಫನ್ ಕೋಲ್ಬೇರ್ ಹುಟ್ಟಿದ್ದು 1964ರ ಮೇ 13ರಂದು. ಬೆಳೆದದ್ದು ದಕ್ಷಿಣ ಕೆರೊಲಿನಾ ರಾಜ್ಯದ ಕಡಲತೀರದ ಚಾರ್ಲ್ಸ್‌ಟನ್ ಪರಿಸರದಲ್ಲಿ. ಹನ್ನೊಂದು ಮಕ್ಕಳ ಕಥೋಲಿಕ ಕುಟುಂಬದಲ್ಲಿ ಅವರೇ ಕಿರಿಯವರು. ತಂದೆ ವೈದ್ಯರು, ಅಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಹಿರಿಯ ಹುದ್ದೆಯಲ್ಲಿದ್ದರು.

1974ರ ಸೆಪ್ಟೆಂಬರ್ 11ರಂದು ತಂದೆ ತಮ್ಮ ಇಬ್ಬರು ಮಕ್ಕಳಾದ ಪೀಟರ್ ಮತ್ತು ಪೌಲ್ ಅವರನ್ನು ದೂರದ ಶಾಲೆಗೆ ಸೇರಿಸಲು ವಿಮಾನದಲ್ಲಿ ಹೊರಟರು. ಈಸ್ಟರ್ನ್ ಏರ್‌ಲೈನ್ಸಿನ 212ನೇ ವಿಮಾನ ಷಾರ್ಲಟ್ ನಗರದಲ್ಲಿ ಇಳಿಯುವ ಮುನ್ನ ಮಂಜು ಕವಿದ ಬೆಳಗಿನಲ್ಲಿ ನೆಲಕ್ಕಪ್ಪಳಿಸಿತು. 82 ಮಂದಿಯಲ್ಲಿ 70ಕ್ಕೂ ಹೆಚ್ಚು ಮಂದಿ ಅಸುನೀಗಿದರು. ತಂದೆ ಮತ್ತು ಇಬ್ಬರು ಅಣ್ಣಂದಿರು ಒಂದೇ ದಿನ ಇಲ್ಲವಾದಾಗ ಸ್ಟೀಫನ್‌ಗೆ ಹತ್ತು ವರ್ಷ.

ಆ ಅಪಘಾತದ ತನಿಖೆ ವಿಮಾನಯಾನದ ಇತಿಹಾಸದಲ್ಲಿ ಹೆಸರಾದದ್ದು. ಇಳಿಯುವ ನಿರ್ಣಾಯಕ ನಿಮಿಷಗಳಲ್ಲಿ ಚಾಲಕರು ರಾಜಕೀಯ, ಹಳೆಯ ಕಾರುಗಳು ಎಂದು ಕೆಲಸಕ್ಕೆ ಸಂಬಂಧವಿಲ್ಲದ ಹರಟೆಯಲ್ಲಿ ತೊಡಗಿದ್ದರು, ವಿಮಾನ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ಅವರ ಗಮನವಿರಲಿಲ್ಲ ಎಂದು ತನಿಖೆಯಿಂದ ತಿಳಿಯಿತು. ಇಂತಹ ದುರಂತಗಳ ಪಾಠದಿಂದ 1981ರಲ್ಲಿ ಅಮೆರಿಕದಲ್ಲಿ ಒಂದು ನಿಯಮ ಬಂತು. ವಿಮಾನ 10,000 ಅಡಿಗಿಂತ ಕೆಳಗಿರುವಾಗ ಚಾಲಕರು ಕೆಲಸಕ್ಕೆ ಸಂಬಂಧಿಸದ ಮಾತನ್ನು ಆಡಕೂಡದು. ಇಂದು ವಿಮಾನ ಏರುವ ಪ್ರತಿಯೊಬ್ಬರಿಗೂ ಈ ಬಗೆಯ ನಿಯಮದ ರಕ್ಷಣೆ ಇದೆ. ನಿಯಮ ಹುಟ್ಟಿದ್ದು ಇಂತಹ ಕುಟುಂಬಗಳ ಕಣ್ಣೀರಿನಿಂದ.

ಮನೆಯಲ್ಲಿ ಉಳಿದದ್ದು ತಾಯಿ ಲೋರ್ನಾ ಮತ್ತು ಕಿರಿಯ ಮಗ. ಹಿರಿಯ ಮಕ್ಕಳು ತಮ್ಮ ತಮ್ಮ ದಾರಿ ಹಿಡಿದಿದ್ದರು. ತಾಯಿಯನ್ನು ನಗಿಸುವುದೇ ತನ್ನ ಕೆಲಸವೆಂದು ಹುಡುಗ ಭಾವಿಸಿದ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಒಟ್ಟಿಗೆ ಕಳೆದುಕೊಂಡರೂ ಆ ತಾಯಿ ಮನಸ್ಸು ಕಹಿ ಮಾಡಿಕೊಳ್ಳಲಿಲ್ಲ, ದೇವರ ಮೇಲಿನ ಭರವಸೆಯನ್ನು ಬಿಡಲಿಲ್ಲ. ತಾನು ಕಲಿತದ್ದು ಆಕೆಯನ್ನು ನೋಡಿಯೇ ಎಂದು ಕೋಲ್ಬೇರ್ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. 2013ರ ಜೂನ್ ತಿಂಗಳಲ್ಲಿ 92ರ ವಯಸ್ಸಿನಲ್ಲಿ ಆಕೆ ತೀರಿಕೊಂಡಾಗ ಮಗ ತನ್ನ ಕಾರ್ಯಕ್ರಮದ ಹಾಸ್ಯವನ್ನು ಬದಿಗಿರಿಸಿ ನೇರವಾಗಿ ತಾಯಿಯ ಬಗ್ಗೆ ಮಾತನಾಡಿದರು. ಅಷ್ಟು ದೀರ್ಘಕಾಲ ಬಾಳಿದವರು ಹೋದರೆ ದುಃಖ ಕಡಿಮೆಯಾಗುವುದಿಲ್ಲ, ಕಳೆದುಕೊಂಡದ್ದು ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಅಂದಿನ ಮಾತಿನ ಸಾರ.

ಕಳೆದುಹೋದ ವಿಶ್ವಾಸ ಮರಳಿದ ಬಗೆ

ಕೋಲ್ಬೇರ್ ಯೌವನದಲ್ಲಿ ವಿಶ್ವಾಸ ಕಳೆದುಕೊಂಡಿದ್ದರು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ನಾಟಕ ಕಲಿತು 1986ರಲ್ಲಿ ಪದವಿ ಪಡೆದ ಅವರು ತಮ್ಮನ್ನು ನಾಸ್ತಿಕನೆಂದೇ ಪರಿಗಣಿಸಿದ್ದ ಕಾಲವದು. ಷಿಕಾಗೋ ನಗರದ ಕೊರೆಯುವ ಚಳಿಯಲ್ಲಿ ಒಂದು ದಿನ ಬೀದಿಯಲ್ಲಿ ಯಾರೋ ಒಬ್ಬರು ಪುಟ್ಟ ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ಕೈಗಿತ್ತರು. ಗಿಡಿಯನ್ ಸಂಘದವರು ಹಂಚುವ ಪ್ರತಿ ಅದು. ನಿಂತಲ್ಲಿಯೇ ತೆರೆದು ಓದಿದಾಗ ಕಣ್ಣಿಗೆ ಬಿದ್ದದ್ದು ನಾಳೆಯ ಬಗ್ಗೆ ಚಿಂತಿಸಬೇಡಿ ಎಂದು ಯೇಸುಸ್ವಾಮಿ ಬೋಧಿಸುವ ಮತ್ತಾಯನ ಶುಭಸಂದೇಶದ ಭಾಗ. ಮನಸ್ಸು ಹಗುರವಾಯಿತು, ಆ ಚಳಿಯಲ್ಲೇ ಓದುತ್ತಾ ನಿಂತೆ ಎಂದು ಅವರು ನೆನಪಿಸಿಕೊಂಡಿದ್ದಾರೆ.

ಷಿಕಾಗೋದ 'ಸೆಕೆಂಡ್ ಸಿಟಿ' ಹಾಸ್ಯ ತಂಡದಲ್ಲಿ ಪಳಗಿದ ಅವರು 1993ರಲ್ಲಿ ಚಾರ್ಲ್ಸ್‌ಟನ್ನಿನವರೇ ಆದ ಎವ್ಲಿನ್ ಮೆಕ್‌ಗೀ ಅವರನ್ನು ವಿವಾಹವಾದರು. ಮೂವರು ಮಕ್ಕಳ ಈ ಕುಟುಂಬ ನ್ಯೂಜೆರ್ಸಿ ರಾಜ್ಯದಲ್ಲಿ ನೆಲೆಸಿತು. ಟಿವಿಯಲ್ಲಿ ಹೆಸರು ಮಾಡಿದ ನಂತರವೂ ಅವರು ತಮ್ಮ ಚರ್ಚಿನಲ್ಲಿ ಮಕ್ಕಳಿಗೆ ಭಾನುವಾರದ ಧರ್ಮೋಪದೇಶ ತರಗತಿ ನಡೆಸುತ್ತಿದ್ದರು. ಗಂಡ ಹೆಂಡಿರ ಜಗಳ, ಬೇರ್ಪಡೆ, ಹಗರಣಗಳಿಂದಲೇ ಸುದ್ದಿಯಾಗುವ ಮನರಂಜನಾ ಲೋಕದಲ್ಲಿ ಈ ಮನೆ ಸುದ್ದಿಯಾದದ್ದು ಬೇರೆ ರೀತಿಯಲ್ಲಿ. 2020ರಲ್ಲಿ ಕೊರೋನಾ ಬಂದು ರಂಗಮಂದಿರ ಮುಚ್ಚಿದಾಗ ಕೋಲ್ಬೇರ್ ಮನೆಯಿಂದಲೇ ಕಾರ್ಯಕ್ರಮ ನಡೆಸಿದರು. ಆಗ ಎದುರಿಗೆ ಕುಳಿತು ನಗುತ್ತಿದ್ದ ಪ್ರೇಕ್ಷಕಿ ಅವರ ಹೆಂಡತಿ. 2024ರಲ್ಲಿ ದಂಪತಿ ಸೇರಿ ಒಂದು ಅಡುಗೆ ಪುಸ್ತಕವನ್ನೂ ಹೊರತಂದರು.

ವೇಷ ತೊಟ್ಟ ಒಂಬತ್ತು ವರ್ಷ

1997ರಲ್ಲಿ ಕಾಮಿಡಿ ಸೆಂಟ್ರಲ್ ವಾಹಿನಿಯ 'ದಿ ಡೈಲಿ ಶೋ' ಸೇರಿದ ಕೋಲ್ಬೇರ್ 2005ರ ಅಕ್ಟೋಬರ್ 17ರಂದು ತಮ್ಮದೇ ಕಾರ್ಯಕ್ರಮ 'ದಿ ಕೋಲ್ಬೇರ್ ರಿಪೋರ್ಟ್' ಆರಂಭಿಸಿದರು. ಅದರಲ್ಲಿ ಅವರು ಒಂದು ವೇಷ ತೊಟ್ಟಿದ್ದರು. ತನಗೇ ಎಲ್ಲಾ ಗೊತ್ತು ಎಂದು ಮೇಜು ಕುಟ್ಟಿ ಅರಚುವ ಟಿವಿ ವ್ಯಾಖ್ಯಾನಕಾರನ ವೇಷ. ತಮ್ಮದೇ ಹೆಸರಿನ ಆ ಪಾತ್ರದ ಬಾಯಿಂದ ಅಹಂಕಾರದ ಮಾತು ಆಡಿಸಿ ಅಹಂಕಾರವನ್ನು ಬಯಲಿಗೆಳೆಯುವುದು ಅವರ ತಂತ್ರ. ಸಾಕ್ಷ್ಯ ಏನೇ ಹೇಳಲಿ, ನನ್ನ ಮನಸ್ಸಿಗೆ ನಿಜ ಅನಿಸಿದ್ದೇ ನಿಜ ಎನ್ನುವ ಧೋರಣೆಗೆ ಮೊದಲ ದಿನವೇ 'ಟ್ರೂತಿನೆಸ್' ಎಂಬ ಪದ ಬಳಸಿದರು. ಅದನ್ನು ಮೆರಿಯಂ ವೆಬ್‌ಸ್ಟರ್ ನಿಘಂಟು 2006ರ ವರ್ಷದ ಪದವೆಂದು ಆರಿಸಿತು. ವಾಟ್ಸಾಪ್ ಸಂದೇಶಗಳನ್ನು ಪರಿಶೀಲಿಸದೆ ಮುಂದಕ್ಕೆ ಕಳುಹಿಸುವ ನಮ್ಮ ಕಾಲದಲ್ಲಿ ಆ ಪದದ ಅರ್ಥವನ್ನು ಯಾರಿಗೂ ವಿವರಿಸಬೇಕಿಲ್ಲ.

2006ರ ಏಪ್ರಿಲ್ 29ರಂದು ಶ್ವೇತಭವನದ ವರದಿಗಾರರ ಸಂಘದ ಔತಣಕೂಟದಲ್ಲಿ ಅವರು ಅಧ್ಯಕ್ಷ ಜಾರ್ಜ್ ಬುಷ್ ಅವರ ಎದುರಲ್ಲೇ, ಕೆಲವೇ ಹೆಜ್ಜೆ ದೂರದಲ್ಲಿ ನಿಂತು, ಇರಾಕ್ ಯುದ್ಧ ಮತ್ತು ಆಡಳಿತದ ತಪ್ಪುಗಳನ್ನು ಹೊಗಳುವವನಂತೆ ನಟಿಸಿ ಲೇವಡಿ ಮಾಡಿದರು. ಸರಕಾರವನ್ನು ಸರಿಯಾಗಿ ಪ್ರಶ್ನಿಸದ ಪತ್ರಕರ್ತರಿಗೂ ಪಾಲು ಸಿಕ್ಕಿತು. ಸಭೆಯಲ್ಲಿ ನಕ್ಕವರು ಕಡಿಮೆ. ಅಧ್ಯಕ್ಷರಿಗೆ ಇಷ್ಟವಾಗಲಿಲ್ಲ ಎಂಬುದು ಗುಟ್ಟಾಗಿರಲಿಲ್ಲ. ಆದರೂ ಮರುದಿನ ಕೋಲ್ಬೇರ್ ಕೆಲಸ ಹೋಗಲಿಲ್ಲ, ಕಾರ್ಯಕ್ರಮ ಇನ್ನೂ ಎಂಟು ವರ್ಷ ನಡೆಯಿತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಹೋಲಿಕೆಗೆ ಬೇಕಾಗುತ್ತದೆ.

ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಬಲ್ಲವರಿಗೆ ಹೆಚ್ಚು ಮುಖ್ಯವೆನಿಸುವ ಘಟನೆ 2010ರದು. ಆ ವರ್ಷ ಕೋಲ್ಬೇರ್ ಒಂದು ದಿನ ವಲಸೆ ಕಾರ್ಮಿಕರೊಂದಿಗೆ ನ್ಯೂಯಾರ್ಕ್ ರಾಜ್ಯದ ಹೊಲದಲ್ಲಿ ಕೆಲಸ ಮಾಡಿದರು. ನಂತರ ಸೆಪ್ಟೆಂಬರ್ 24ರಂದು ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ ಸಾಕ್ಷಿ ಹೇಳಲು ಹೋದರು. ಬಹುಪಾಲು ಹೊತ್ತು ವೇಷದಲ್ಲಿಯೇ ಮಾತನಾಡಿ ನಗಿಸಿದರು. ಕೊನೆಗೆ ಒಬ್ಬ ಸದಸ್ಯೆ, ಇಷ್ಟೆಲ್ಲಾ ವಿಷಯಗಳಿರುವಾಗ ಇದೇ ವಿಷಯದಲ್ಲಿ ಆಸಕ್ತಿ ಏಕೆ ಎಂದು ಕೇಳಿದರು. ಕೋಲ್ಬೇರ್ ಸ್ವಲ್ಪ ಹೊತ್ತು ಯೋಚಿಸಿ ವೇಷ ಕಳಚಿದರು. ಶಕ್ತಿಯಿಲ್ಲದವರ ಪರವಾಗಿ ಮಾತನಾಡಲು ತನಗೆ ಇಷ್ಟ, ನಮ್ಮ ಹೊಲಗಳಲ್ಲಿ ದುಡಿದು ಯಾವ ಹಕ್ಕೂ ಇಲ್ಲದೆ ಹೋಗುವ ಈ ಜನರಿಗಿಂತ ಶಕ್ತಿಹೀನರು ಯಾರು ಎಂದರು. ಅತ್ಯಂತ ಕಿರಿಯರಿಗೆ ಮಾಡಿದ್ದನ್ನು ತನಗೇ ಮಾಡಿದಂತೆ ಎಂಬ ಪ್ರಭುವಿನ ಬೋಧನೆಯನ್ನು ಆ ಸಮಿತಿಯ ಮುಂದೆ ನೆನಪಿಸಿದರು. ಒಬ್ಬ ವಿದೂಷಕ ಅಂತಿಮ ತೀರ್ಪಿನ ದೃಷ್ಟಾಂತವನ್ನು ಸಂಸತ್ತಿನ ದಾಖಲೆಗೆ ಸೇರಿಸಿದ್ದು ಹೀಗೆ.

ಚುನಾವಣೆಗೆ ಹರಿಯುವ ಹಣದ ಮೇಲೆ ಬೆಳಕು ಚೆಲ್ಲಲು 2011ರಲ್ಲಿ ಕಾನೂನುಬದ್ಧವಾಗಿಯೇ ಒಂದು ನಿಧಿಸಂಗ್ರಹ ಸಮಿತಿ ಕಟ್ಟಿ, ನಿಯಮಗಳಲ್ಲಿ ಎಂತಹ ತೂತುಗಳಿವೆ ಎಂಬುದನ್ನು ವೀಕ್ಷಕರಿಗೆ ಹಂತಹಂತವಾಗಿ ತೋರಿಸಿದರು. ಅದಕ್ಕೆ ಪ್ರತಿಷ್ಠಿತ ಪೀಬಾಡಿ ಪ್ರಶಸ್ತಿ ಬಂತು. ಉಳಿದ ಹಣ ದತ್ತಿ ಸಂಸ್ಥೆಗಳಿಗೆ ಹೋಯಿತು. ಆ ಕಾರ್ಯಕ್ರಮ ಮುಗಿದ ಮೇಲೆ ಅದರ ರಂಗಸಜ್ಜಿಕೆಯನ್ನು ಹರಾಜು ಹಾಕಿ ಬಂದ ಹಣಕ್ಕೆ ಇತರರ ನೆರವೂ ಸೇರಿ, 2015ರಲ್ಲಿ ತಮ್ಮ ತವರು ರಾಜ್ಯದ ಶಿಕ್ಷಕರು ಒಂದು ಜಾಲತಾಣದಲ್ಲಿ ಕೇಳಿದ್ದ ಎಲ್ಲಾ ಶಾಲಾ ಸಾಮಗ್ರಿಗಳಿಗೂ, ಸುಮಾರು 8 ಲಕ್ಷ ಡಾಲರ್, ಒದಗಿಸಿದರು.

ವೇಷ ಕಳಚಿದ ಮೇಲೆ

2015ರ ಸೆಪ್ಟೆಂಬರ್ 8ರಂದು ಡೇವಿಡ್ ಲೆಟರ್‌ಮನ್ ಅವರ ಉತ್ತರಾಧಿಕಾರಿಯಾಗಿ ಕೋಲ್ಬೇರ್ 'ದಿ ಲೇಟ್ ಶೋ' ವಹಿಸಿಕೊಂಡರು. ಅಮೆರಿಕದಲ್ಲಿ ರಾತ್ರಿ ಹನ್ನೊಂದೂವರೆಯ ನಂತರದ ಈ ಕಾರ್ಯಕ್ರಮಗಳಿಗೆ ದೊಡ್ಡ ಪರಂಪರೆಯಿದೆ. ದಿನದ ಸುದ್ದಿಗಳನ್ನು ಹಿಡಿದು ನಿರೂಪಕ ನಗೆಮಾತು ಆಡುತ್ತಾನೆ, ನಂತರ ಅತಿಥಿಗಳು, ಸಂಗೀತ. ಜಾನಿ ಕಾರ್ಸನ್ 1962ರಿಂದ 1992ರವರೆಗೆ ಮೂವತ್ತು ವರ್ಷ ಇದನ್ನು ನಡೆಸಿ ಮನೆಮಾತಾಗಿದ್ದರು. ಕೋಲ್ಬೇರ್ ಈ ಚೌಕಟ್ಟಿನೊಳಗೆ ದುಃಖಕ್ಕೂ ಜಾಗ ಕೊಟ್ಟರು.

ಮೊದಲ ವಾರದಲ್ಲೇ, ಸೆಪ್ಟೆಂಬರ್ 10ರಂದು, ಆಗಿನ ಉಪಾಧ್ಯಕ್ಷ ಜೋ ಬೈಡನ್ ಅತಿಥಿಯಾಗಿ ಬಂದರು. ಅವರ ಮಗ ಬೋ ತೀರಿಕೊಂಡು ಮೂರು ತಿಂಗಳಾಗಿತ್ತಷ್ಟೆ. ನಗೆ ಕಾರ್ಯಕ್ರಮದ ಮೇಜಿನ ಎದುರು ಇಬ್ಬರು ಕಥೋಲಿಕರು ಕುಳಿತು ಸಾವು, ವಿಶ್ವಾಸ, ತಾಯಂದಿರ ಧೈರ್ಯದ ಬಗ್ಗೆ ಮಾತನಾಡಿದರು. 2019ರ ಆಗಸ್ಟ್‌ನಲ್ಲಿ ತಾಯಿಯನ್ನು ಆಗಷ್ಟೆ ಕಳೆದುಕೊಂಡಿದ್ದ ಪತ್ರಕರ್ತ ಆ್ಯಂಡರ್ಸನ್ ಕೂಪರ್ ಕೋಲ್ಬೇರ್ ಅವರನ್ನು ಸಂದರ್ಶಿಸಿ ಕಣ್ಣೀರಿಡುತ್ತಲೇ ಒಂದು ಪ್ರಶ್ನೆ ಕೇಳಿದರು. ಅತ್ಯಂತ ಬೇಡವಾಗಿದ್ದುದನ್ನೇ ಪ್ರೀತಿಸಲು ಕಲಿತೆ ಎಂದು ನೀವು ಹೇಳಿದ್ದೀರಿ, ಅದನ್ನು ನಿಜವಾಗಿ ನಂಬುತ್ತೀರಾ? ಹೌದು ಎಂದರು ಕೋಲ್ಬೇರ್. ಬದುಕು ಒಂದು ವರ, ಬದುಕಿನ ಜೊತೆ ನೋವು ಬಂದೇ ಬರುತ್ತದೆ. ಆ ದುರಂತ ನಡೆಯಬಾರದಿತ್ತು. ಆದರೆ ಬದುಕಿಗೆ ಕೃತಜ್ಞನಾಗಿರಬೇಕಾದರೆ ಬೇಕಾದ ಭಾಗವನ್ನಷ್ಟೇ ಆರಿಸಿಕೊಳ್ಳಲು ಬರುವುದಿಲ್ಲ. ತಾನು ನೊಂದದ್ದರಿಂದಲೇ ನೊಂದವರ ಪಕ್ಕದಲ್ಲಿ ಕುಳಿತುಕೊಳ್ಳಲು ಸಾಧ್ಯವಾಗುತ್ತದೆ. ಇದು ಅವರ ಉತ್ತರದ ತಿರುಳು. ಶೋಕದ ಮನೆಗೆ ಹೋಗಿ ಏನು ಹೇಳುವುದೆಂದು ತಿಳಿಯದೆ ನಿಂತ ಯಾವ ಚರ್ಚ್ ಕಾರ್ಯಕರ್ತನಿಗೂ ಈ ಮಾತಿನ ಬೆಲೆ ಗೊತ್ತು.

ಹಣವೋ, ಭಯವೋ?

ಈಗ 2025ರ ಘಟನೆಗೆ ಬರೋಣ. ಕಾರ್ಯಕ್ರಮ ನಿಲ್ಲಿಸುವುದು ಕೇವಲ ಹಣಕಾಸಿನ ತೀರ್ಮಾನ ಎಂದು ಸಿಬಿಎಸ್ ಹೇಳಿತು. ಇದರಲ್ಲಿ ಸತ್ಯಾಂಶವಿದೆ. ಜನ ರಾತ್ರಿ ಟಿವಿ ಮುಂದೆ ಕುಳಿತುಕೊಳ್ಳುವುದನ್ನು ಬಿಟ್ಟು ಬೆಳಿಗ್ಗೆ ಫೋನಿನಲ್ಲಿ ತುಣುಕುಗಳನ್ನು ನೋಡತೊಡಗಿದ್ದಾರೆ. ಈ ಬಗೆಯ ಕಾರ್ಯಕ್ರಮಗಳ ಜಾಹೀರಾತು ಆದಾಯ 2018ರಲ್ಲಿ ಸುಮಾರು 44 ಕೋಟಿ ಡಾಲರ್ ಇದ್ದದ್ದು 2024ಕ್ಕೆ ಸುಮಾರು 22 ಕೋಟಿಗೆ ಇಳಿಯಿತು. 'ದಿ ಲೇಟ್ ಶೋ' ವರ್ಷಕ್ಕೆ 4 ಕೋಟಿ ಡಾಲರ್ ನಷ್ಟ ಮಾಡುತ್ತಿತ್ತು ಎಂದು ಪತ್ರಿಕೆಗಳು ವರದಿ ಮಾಡಿದವು.

ಆದರೆ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಸಂಶಯ ಬರುವುದು ಸಹಜ. ಸಿಬಿಎಸ್‌ನ ಒಡೆಯ ಕಂಪೆನಿ ಪ್ಯಾರಮೌಂಟ್, ಸ್ಕೈಡ್ಯಾನ್ಸ್ ಎಂಬ ಕಂಪೆನಿಯೊಂದಿಗೆ ಸುಮಾರು 800 ಕೋಟಿ ಡಾಲರಿನ ವಿಲೀನಕ್ಕೆ ಸರಕಾರದ ಅನುಮತಿ ಕಾಯುತ್ತಿತ್ತು. ಅದೇ ಸಮಯದಲ್ಲಿ, ಕಮಲಾ ಹ್ಯಾರಿಸ್ ಸಂದರ್ಶನವನ್ನು ತಿರುಚಿ ಪ್ರಸಾರ ಮಾಡಿದಿರಿ ಎಂದು ಡೊನಾಲ್ಡ್ ಟ್ರಂಪ್ ಸಿಬಿಎಸ್ ಮೇಲೆ ಹೂಡಿದ್ದ ಮೊಕದ್ದಮೆ ಬಾಕಿಯಿತ್ತು. 2025ರ ಜುಲೈ ಆರಂಭದಲ್ಲಿ ಪ್ಯಾರಮೌಂಟ್ 1 ಕೋಟಿ 60 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಜುಲೈ 14ರಂದು ಕೋಲ್ಬೇರ್ ತಮ್ಮದೇ ಕಂಪೆನಿಯ ಈ ರಾಜಿಯನ್ನು ಲಂಚ ಎಂದು ಪ್ರಸಾರದಲ್ಲೇ ಕರೆದರು. ಜುಲೈ 17ರಂದು ಕಾರ್ಯಕ್ರಮ ನಿಲ್ಲಿಸುವ ಪ್ರಕಟಣೆ ಬಂತು. ಜುಲೈ 24ರಂದು ವಿಲೀನಕ್ಕೆ ಅನುಮತಿ ದೊರೆಯಿತು. ಕಾರ್ಯಕ್ರಮ ನಿಲ್ಲುವ ಸುದ್ದಿಗೆ ಅಧ್ಯಕ್ಷ ಟ್ರಂಪ್ ಬಹಿರಂಗವಾಗಿಯೇ ಸಂತೋಷ ವ್ಯಕ್ತಪಡಿಸಿದರು. ಆಗ ತನ್ನ ಸಮಯದಲ್ಲಿ ಅತಿ ಹೆಚ್ಚು ವೀಕ್ಷಕರಿದ್ದ ಕಾರ್ಯಕ್ರಮ ಇದೇ ಆಗಿತ್ತು.

ಎರಡು ತಿಂಗಳ ನಂತರ ಇನ್ನೊಬ್ಬ ನಿರೂಪಕ ಜಿಮ್ಮಿ ಕಿಮ್ಮೆಲ್ ಸರದಿ. ಚಾರ್ಲಿ ಕಿರ್ಕ್ ಹತ್ಯೆಯ ನಂತರ ಅವರು ಆಡಿದ ಮಾತಿಗೆ ಪ್ರಸಾರ ನಿಯಂತ್ರಣ ಆಯೋಗದ ಮುಖ್ಯಸ್ಥರು ಬಹಿರಂಗ ಎಚ್ಚರಿಕೆ ಕೊಟ್ಟರು. ಸೆಪ್ಟೆಂಬರ್ 17ರಂದು ಎಬಿಸಿ ವಾಹಿನಿ ಅವರ ಕಾರ್ಯಕ್ರಮವನ್ನು ತಡೆಹಿಡಿಯಿತು. ಜನರ ವಿರೋಧದ ನಂತರ 23ರಂದು ಅದು ಮರಳಿತು.

ಹಣವೋ ಭಯವೋ ಎಂಬ ಪ್ರಶ್ನೆಗೆ ಎರಡೂ ಇರಬಹುದು ಎಂಬುದೇ ನ್ಯಾಯವಾದ ಉತ್ತರ. ಲಾಭ ತರುವ ಕಾರ್ಯಕ್ರಮವನ್ನು ಯಾರೂ ಸುಲಭವಾಗಿ ಬಲಿಕೊಡುವುದಿಲ್ಲ. ನಷ್ಟದ ಕಾರ್ಯಕ್ರಮವನ್ನು ಉಳಿಸಿಕೊಳ್ಳಲು ಧೈರ್ಯ ಬೇಕು. ಸಾವಿರಾರು ಕೋಟಿಯ ವ್ಯವಹಾರ ಸರಕಾರದ ಒಂದು ಸಹಿಗೆ ಕಾದು ಕುಳಿತಿರುವಾಗ ಅಂತಹ ಧೈರ್ಯ ಕಂಪೆನಿಗಳಿಗೆ ಬರುವುದು ಕಷ್ಟ. 2006ರಲ್ಲಿ ಅಧ್ಯಕ್ಷರ ಎದುರಲ್ಲೇ ಲೇವಡಿ ಮಾಡಿದವನ ಕೆಲಸ ಉಳಿದಿತ್ತು. ಈ ಎರಡು ಕಾಲಗಳ ನಡುವೆ ಹಾಸ್ಯಗಾರ ಬದಲಾದದ್ದಕ್ಕಿಂತ ಹೆಚ್ಚಾಗಿ ಮಾಧ್ಯಮದ ಒಡೆತನ ಮತ್ತು ಅಧಿಕಾರದ ಸಹನೆ ಬದಲಾಗಿವೆ. ಯಾರೂ ಬಾಯಿ ಕಟ್ಟುವಂತೆ ಆದೇಶ ಹೊರಡಿಸಬೇಕಿಲ್ಲ, ಒಡೆಯರು ಲೆಕ್ಕ ಹಾಕಿಯೇ ತೀರ್ಮಾನಕ್ಕೆ ಬರುತ್ತಾರೆ. ಅಪಾಯ ಇರುವುದು ಇಲ್ಲಿ.

ಪೋಪರ ಅಳತೆಗೋಲು

ಹಾಗೆಂದು ಕೋಲ್ಬೇರ್ ಅವರ ಎಲ್ಲಾ ಹಾಸ್ಯವೂ ಸರಿಯಿತ್ತು ಎನ್ನಲಾಗದು. 2017ರ ಮೇ 1ರಂದು ಟ್ರಂಪ್ ಬಗ್ಗೆ ಅವರು ಆಡಿದ ಒಂದು ಅಸಭ್ಯ ಮಾತಿಗೆ ಅಪಾರ ದೂರುಗಳು ಬಂದವು. ಆಯೋಗ ಕ್ರಮ ಕೈಗೊಳ್ಳಲಿಲ್ಲವಾದರೂ ಪದಗಳು ಒರಟಾಗಿದ್ದವೆಂದು ಕೋಲ್ಬೇರ್ ಅವರೇ ಒಪ್ಪಿಕೊಂಡರು. ಪ್ರತಿ ರಾತ್ರಿ ಒಬ್ಬರನ್ನೇ ಗುರಿಯಾಗಿಸಿದ ಹಾಸ್ಯ ಕ್ರಮೇಣ ಒಂದೇ ಪಕ್ಷದವರು ಸೇರಿ ನಗುವ ಕೂಟವಾಗಿಬಿಡುತ್ತದೆ, ಇನ್ನೊಂದು ಪಕ್ಷದ ನೆರೆಯವನು ಟಿವಿ ಆರಿಸುತ್ತಾನೆ ಎಂಬ ಟೀಕೆಯಲ್ಲೂ ಹುರುಳಿದೆ. ಕೆಲವು ನೈತಿಕ ಪ್ರಶ್ನೆಗಳಲ್ಲಿ ಅವರ ನಿಲುವನ್ನು ಒಪ್ಪದ ಕಥೋಲಿಕರೂ ಬಹಳ ಮಂದಿ.

ಇಲ್ಲಿ ನಮಗೆ ನೆರವಾಗುವುದು ದಿವಂಗತ ಪೋಪ್ ಫ್ರಾನ್ಸಿಸ್ ಅವರ ಮಾತು. 2024ರ ಜೂನ್ 14ರಂದು ಅವರು 15 ದೇಶಗಳ ನೂರಕ್ಕೂ ಹೆಚ್ಚು ಹಾಸ್ಯ ಕಲಾವಿದರನ್ನು ವ್ಯಾಟಿಕನ್ನಿಗೆ ಬರಮಾಡಿಕೊಂಡರು. ಕೋಲ್ಬೇರ್ ಅವರಲ್ಲೊಬ್ಬರು. ಅಂದೇ ಪೋಪರು ಜಿ-7 ನಾಯಕರ ಸಭೆಗೂ ಹೋಗಬೇಕಿತ್ತು. ಜಗತ್ತಿನ ಬಲಿಷ್ಠರನ್ನು ಭೇಟಿಯಾಗುವ ಮುನ್ನ ಅವರು ನಗಿಸುವವರನ್ನು ಕಂಡರು. ಅಧಿಕಾರದ ದುರ್ಬಳಕೆಯನ್ನು ಎತ್ತಿ ತೋರಿಸುವುದು, ಮರೆತುಹೋದವರಿಗೆ ದನಿಯಾಗುವುದು ನಿಮ್ಮ ಕೆಲಸ ಎಂದು ಹೊಗಳಿದರು. ಪ್ರೀತಿಸುವವರ ಜೊತೆ ತಮಾಷೆ ಮಾಡುವಂತೆ ದೇವರ ವಿಷಯದಲ್ಲೂ ನಗಬಹುದು ಎಂದರು. ಜೊತೆಗೆ ಒಂದು ಅಳತೆಯನ್ನೂ ಕೊಟ್ಟರು: ನಿಜವಾದ ಹಾಸ್ಯ ಯಾರನ್ನೂ ಅವಮಾನಿಸುವುದಿಲ್ಲ, ಯಾರ ಕುಂದನ್ನೂ ಹಿಡಿದು ಕೀಳಾಗಿ ಕಾಣುವುದಿಲ್ಲ. ಸಂತ ಥಾಮಸ್ ಮೋರ್ ಅವರ ಹೆಸರಿನಲ್ಲಿರುವ ಹಾಸ್ಯಪ್ರಜ್ಞೆಯ ಪ್ರಾರ್ಥನೆಯನ್ನು ತಾವು ದಿನವೂ ಹೇಳುತ್ತಿರುವುದಾಗಿಯೂ ತಿಳಿಸಿದರು. 1535ರಲ್ಲಿ ಅರಸ ಎಂಟನೆಯ ಹೆನ್ರಿಯ ಆಜ್ಞೆಯಿಂದ ತಲೆ ಕೊಟ್ಟ ಮೋರ್ ವಧಾಸ್ಥಾನದಲ್ಲೂ ನಗೆಮಾತು ಆಡಿದರೆಂಬುದನ್ನು ನೆನೆದರೆ ಈ ಪ್ರಾರ್ಥನೆಯ ತೂಕ ತಿಳಿಯುತ್ತದೆ.

ಈ ಅಳತೆಗೋಲನ್ನು ಹಿಡಿದರೆ ಹೊಲದ ಕಾರ್ಮಿಕರ ಪರವಾಗಿ ನಿಂತ ಕೋಲ್ಬೇರ್ ಎತ್ತರಕ್ಕೆ ನಿಲ್ಲುತ್ತಾರೆ, ಅಸಭ್ಯ ಮಾತಾಡಿದ ಕೋಲ್ಬೇರ್ ಕುಗ್ಗುತ್ತಾರೆ. ಇಬ್ಬರೂ ಒಬ್ಬರೇ. ಹಾಸ್ಯಗಾರನನ್ನು ಸಂತನನ್ನಾಗಿ ಮಾಡಬೇಕಿಲ್ಲ. ಆದರೆ ಆತ ತಪ್ಪಿದಾಗ ತಿದ್ದಬೇಕಾದದ್ದು ಕೇಳುವ ಜನ, ಅಧಿಕಾರವಲ್ಲ. ಸರಕಾರಕ್ಕೆ ಹಿತವಾಗುವ ನಗು ಮಾತ್ರ ಉಳಿದರೆ ಮುಂದೆ ಬಾಯಿ ಮುಚ್ಚಬೇಕಾಗುವವರ ಸಾಲಿನಲ್ಲಿ ಧರ್ಮಪೀಠದಿಂದ ಬಡವರ ಪರವಾಗಿ ಮಾತನಾಡುವ ಧರ್ಮಗುರುಗಳೂ ಇರುತ್ತಾರೆ.

2025ರ ಸೆಪ್ಟೆಂಬರ್ 14ರಂದು 'ದಿ ಲೇಟ್ ಶೋ'ಗೆ ಎಮ್ಮಿ ಪ್ರಶಸ್ತಿ ಬಂತು. ಪ್ರಶಸ್ತಿ ಪಡೆದ ಕೋಲ್ಬೇರ್ ಆಡಿದ ಮಾತು ಗಮನಾರ್ಹ. ಪ್ರೀತಿಯ ಬಗ್ಗೆ ಒಂದು ಹಾಸ್ಯ ಕಾರ್ಯಕ್ರಮ ಮಾಡಬೇಕೆಂದು ಆರಂಭದಲ್ಲಿ ಬಯಸಿದ್ದೆ, ಮುಂದೆ ಒಂದು ಹಂತದಲ್ಲಿ ಅದು ಕಳೆದುಕೊಳ್ಳುವುದರ ಬಗೆಗಿನ ಕಾರ್ಯಕ್ರಮವೂ ಆಯಿತು, ಪ್ರೀತಿಗೂ ಅದಕ್ಕೂ ನಂಟಿದೆ, ಕೈತಪ್ಪಿ ಹೋಗಬಹುದು ಎಂದು ಅನಿಸಿದಾಗಲೇ ಯಾವುದನ್ನು ಎಷ್ಟು ಪ್ರೀತಿಸುತ್ತೇವೆಂದು ಗೊತ್ತಾಗುತ್ತದೆ ಎಂದರು. ತಮ್ಮ ದೇಶವನ್ನು ಹಿಂದೆಂದಿಗಿಂತ ಹೆಚ್ಚು ಪ್ರೀತಿಸುವುದಾಗಿಯೂ ಹೇಳಿದರು.

ಹತ್ತನೆಯ ವಯಸ್ಸಿನಲ್ಲಿ ತಂದೆಯನ್ನೂ ಇಬ್ಬರು ಅಣ್ಣಂದಿರನ್ನೂ ಕಳೆದುಕೊಂಡು, ತಾಯಿಯನ್ನು ನಗಿಸುತ್ತಾ ಬೆಳೆದವರಿಗೆ ಒಂದು ಕುರ್ಚಿ ಹೋಗುವುದು ಎಷ್ಟರ ಮಾತು! ಅವರ ನಿರ್ಭಯದ ಮೂಲ ವಾಹಿನಿಯ ಒಪ್ಪಂದದಲ್ಲಿ ಇರಲಿಲ್ಲ. ಅದು ಚಾರ್ಲ್ಸ್‌ಟನ್ನಿನ ಆ ಮನೆಯಲ್ಲಿ, ಒಬ್ಬ ವಿಧವೆ ತಾಯಿಯ ಪ್ರಾರ್ಥನೆಯಲ್ಲಿ ಇತ್ತು. ನಮ್ಮ ಮನೆಗಳಲ್ಲೂ ಇಂತಹ ತಾಯಂದಿರಿದ್ದಾರೆ. ದುಃಖದ ಮನೆಯಲ್ಲಿ ನಗಲು ಕಲಿಸಿದವರನ್ನು ಇಂದು ಒಮ್ಮೆ ನೆನೆಯೋಣ. ನಾವು ಯಾರನ್ನು ಕಂಡು ನಗುತ್ತೇವೆ, ಬಲಿಷ್ಠರನ್ನೋ, ಬಡವರನ್ನೋ ಎಂದು ನಮ್ಮನ್ನೇ ಕೇಳಿಕೊಳ್ಳೋಣ.